‘ವೊಂದು’ ಎನ್ನುವ ತುಟಿಗೆ ಡಬ್ಲ್ಯು ಹೊಸದಲ್ಲ

ಮಾನ್ಯ ಸಂಪಾದಕರೇ,

ಹಾಸನದಲ್ಲಿ ಈಗ ಇಂಗ್ಲಿಷ್ ಮಾತುಗಾರಿಕೆ ಕಲಿಸುವ ತರಗತಿಯ ಫಲಕವಿಲ್ಲದ ಬೀದಿ ಸಿಗುವುದು ಕಷ್ಟ. ನರ್ಸಿಂಗ್ ಓದಿ ಹೊರದೇಶದ ಆಸ್ಪತ್ರೆಗಳಿಗೆ ಅರ್ಜಿ ಹಾಕುವ ಹೆಣ್ಣುಮಕ್ಕಳು, ಬೆಂಗಳೂರಿನ ಕಂಪನಿಗಳ ಸಂದರ್ಶನಕ್ಕೆ ಸಿದ್ಧರಾಗುವ ಪದವೀಧರರು, ಸಕಲೇಶಪುರ, ಮೂಡಿಗೆರೆ ಕಡೆಯ ಹೋಂಸ್ಟೇಗಳಲ್ಲಿ ಅತಿಥಿಗಳಿಗೆ ಕಾಫಿ ತೋಟ ಸುತ್ತಿಸಿ ತೋರಿಸುವ ಹುಡುಗರು, ಹೀಗೆ ಎಲ್ಲರೂ ಹಣ ಕಟ್ಟಿ ಅಲ್ಲಿಗೆ ಹೋಗುತ್ತಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಇಂಥ ತರಗತಿಗಳಲ್ಲಿ ಒಂದು ಧ್ವನಿಯನ್ನು ಕಲಿಸುವ ನೆಪದಲ್ಲಿ ನಮ್ಮ ಮಕ್ಕಳ ಮನೆಮಾತನ್ನೇ ಹೀಗಳೆಯುವುದನ್ನು ಕಣ್ಣಾರೆ ಕಂಡು, ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಗ್ಲಿಷ್ ನನ್ನ ವಿಷಯವಲ್ಲದಿದ್ದರೂ, ನಾನು ಹೇಳಹೊರಟಿರುವ ಧ್ವನಿಯ ಬೇರು ಕನ್ನಡ ವ್ಯಾಕರಣದ ಪಾಠದಲ್ಲಿಯೂ ಇದೆ.

ಅದು ಡಬ್ಲ್ಯು ಅಕ್ಷರದ ಧ್ವನಿ. ಇಂಗ್ಲಿಷಿನಲ್ಲಿ ವಿ ಎಂಬ ಅಕ್ಷರದ್ದು ಒಂದು ಧ್ವನಿ, ಡಬ್ಲ್ಯುವಿನದು ಇನ್ನೊಂದು. ನಮಗೆ ಎರಡಕ್ಕೂ ಇರುವುದು ಒಂದೇ ವಕಾರ. ಈ ಪತ್ರದಲ್ಲಿಯೂ ನಾನು ಎರಡನ್ನೂ ಅದೇ ಅಕ್ಷರದಲ್ಲಿ ಬರೆಯಬೇಕಾಗಿದೆ. ಕಾರಿನ ಗಾಜು ಒರೆಸುವ ವೈಪರ್ ಮತ್ತು ತೋಟದ ತರಗೆಲೆಯಲ್ಲಿ ಮಲಗಿರುವ ಕೊಳಕುಮಂಡಲದಂತಹ ವೈಪರ್ ಹಾವು ನಮ್ಮ ಬರಹದಲ್ಲಿಯೂ ಒಂದೇ, ಬಾಯಲ್ಲಿಯೂ ಒಂದೇ. ಸಿಲ್ವರ್ ಓಕ್ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿಯನ್ನು ತೋರಿಸಿ ಮಾರ್ಗದರ್ಶಿ ಹುಡುಗ ‘ಪೆಪ್ಪರ್ ವೈನ್’ ಎಂದಾಗ, ಹೊರದೇಶದ ಅತಿಥಿ ಅದನ್ನು ದ್ರಾಕ್ಷಾರಸ ಎಂದು ಕೇಳಿಸಿಕೊಳ್ಳುವುದು ಈ ಕಾರಣಕ್ಕೆ. ಬಳ್ಳಿ ಕಣ್ಣ ಮುಂದೆಯೇ ಇರುವುದರಿಂದ ಅಲ್ಲಿ ಗೊಂದಲ ಬೇಗ ಕಳೆಯುತ್ತದೆ. ದೂರವಾಣಿಯಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ, ಅವಸರದಲ್ಲಿ ಅಷ್ಟು ಬೇಗ ಕಳೆಯುವುದಿಲ್ಲ.

ನನ್ನ ತಂಗಿಯ ಮಗಳು ನರ್ಸಿಂಗ್ ಪದವಿ ಮುಗಿಸಿ, ಆರೋಗ್ಯ ಕ್ಷೇತ್ರದವರಿಗೆಂದೇ ನಡೆಸುವ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದಲು ನಮ್ಮ ಮನೆಯಲ್ಲಿದ್ದಾಳೆ. ಆ ಪರೀಕ್ಷೆಯ ಮಾತಿನ ಭಾಗದಲ್ಲಿ ಅಭ್ಯರ್ಥಿಯು ನರ್ಸ್ ಆಗಿಯೂ ಎದುರಿನವರು ರೋಗಿ ಅಥವಾ ಅವರ ಬಂಧುವಾಗಿಯೂ ಸುಮಾರು ಐದೈದು ನಿಮಿಷ ಎರಡು ಸಂಭಾಷಣೆ ನಡೆಸಬೇಕು. ಮಾತು ಕೇಳುವವರಿಗೆ ಸಲೀಸಾಗಿ ತಿಳಿಯುವಂತಿದೆಯೇ ಎಂಬುದು ಅಂಕ ನೀಡುವ ಅಳತೆಗೋಲುಗಳಲ್ಲಿ ಒಂದು. ವಾರ್ಡ್, ವೂಂಡ್, ವಾಟರ್, ವಾಷ್, ವಾಕ್, ವೀಕ್, ವೀಲ್‌ಚೇರ್ ಎಲ್ಲವೂ ಡಬ್ಲ್ಯು; ವೇನ್, ವಾಮಿಟ್, ವ್ಯಾಕ್ಸಿನ್, ವೆಂಟಿಲೇಟರ್, ವಾಲ್ವ್ ಎಲ್ಲವೂ ವಿ. ನರ್ಸ್ ಕೆಲಸದ ಮಾತಿನಲ್ಲಿ ಇವೆರಡು ಧ್ವನಿಗಳು ಎಷ್ಟು ಸಲ ಹಾದುಹೋಗುತ್ತವೆಂದು ಇದರಿಂದಲೇ ತಿಳಿಯುತ್ತದೆ.

ಆ ಹುಡುಗಿ ಹೋಗುತ್ತಿದ್ದ ತರಗತಿಯಲ್ಲಿ ಒಂದು ದಿನ ಇಪ್ಪತ್ತು ಜನರ ಮುಂದೆ ಅವಳನ್ನು ನಿಲ್ಲಿಸಿ, “ನಿನ್ನದು ಹಳ್ಳಿ ನಾಲಿಗೆ, ಮೊದಲು ಮನೆಯಲ್ಲಿ ವೊಂದು, ವೋಗು, ವೊಟ್ಟೆ ಎನ್ನುವುದನ್ನು ಬಿಡು, ಆಮೇಲೆ ಇಂಗ್ಲಿಷ್” ಎಂದರಂತೆ. ಅಂದು ಸಂಜೆ ಮನೆಗೆ ಬಂದವಳು ಊಟದ ಹೊತ್ತಿಗೆ, “ಇನ್ನ ವೊಂದ್ ತುತ್ತು ಉಣ್ಣವ್ವ” ಎಂದ ನನ್ನ ತಾಯಿಗೆ, “ವೊಂದು ಅಲ್ಲ ಅಜ್ಜಿ, ಒಂದು” ಎಂದು ತಿದ್ದಿದಳು. ಎಂಬತ್ತು ದಾಟಿದ, ಹೇಮಾವತಿಯ ದಂಡೆಯಲ್ಲಿ ಹುಟ್ಟಿ ಬೆಳೆದು ಅದನ್ನು ಜೀವಮಾನವೆಲ್ಲ ‘ವೊಳೆ’ ಎಂದೇ ಕರೆದ ಆ ಜೀವ ತಟ್ಟೆಯ ಕಡೆಗೆ ನೋಡುತ್ತಾ ಸುಮ್ಮನಾಯಿತು. ನನಗೆ ಬಹಳ ಸಂಕಟವಾಯಿತು. ಆದರೆ ಅದೇ ಗಳಿಗೆಯಲ್ಲಿ ನನ್ನ ಗಮನ ತಾಯಿಯ ತುಟಿಗಳ ಮೇಲೆ ಹೋಯಿತು. ‘ವೊಂದ್’ ಎನ್ನುವಾಗ ಅವರ ಎರಡೂ ತುಟಿಗಳು ದುಂಡಗಾಗಿ ಮುಂದೆ ಬಂದಿದ್ದವು. ಹಲ್ಲು ತುಟಿಯ ಹತ್ತಿರವೂ ಸುಳಿದಿರಲಿಲ್ಲ. ಇಂಗ್ಲಿಷಿನ ಡಬ್ಲ್ಯು ಹುಟ್ಟುವುದು ಹಾಗೆಯೇ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವ್ಯಾಕರಣದಲ್ಲಿ ನಾವು ವಕಾರವನ್ನು ದಂತೋಷ್ಠ್ಯ ಎನ್ನುತ್ತೇವೆ, ಅಂದರೆ ಹಲ್ಲು ಮತ್ತು ತುಟಿ ಸೇರಿ ಹುಟ್ಟುವ ಧ್ವನಿ. ‘ವೀಣೆ’, ‘ವೇಳೆ’ ಎನ್ನುವಾಗ ಕೆಳತುಟಿ ಮೇಲ್ಹಲ್ಲಿನ ಸಮೀಪ ಬರುತ್ತದೆ, ತಾಗಿದರೂ ಹಗುರವಾಗಿ ತಾಗುತ್ತದೆ, ಗಾಳಿ ಉಜ್ಜಿಕೊಂಡು ಹೋಗುವುದಿಲ್ಲ. ಇಂಗ್ಲಿಷಿನ ವಿ ಧ್ವನಿಗೆ ಆ ಉಜ್ಜಾಟ ಬೇಕು: ಮೇಲ್ಹಲ್ಲು ಕೆಳತುಟಿಯ ಮೇಲೆ ಕೂರಬೇಕು, ನಡುವೆ ನುಗ್ಗುವ ಗಾಳಿಗೆ ತುಟಿ ಜುಮ್ಮೆನ್ನಬೇಕು. ಡಬ್ಲ್ಯುವಿಗೆ ಹಲ್ಲಿನ ಕೆಲಸವೇ ಇಲ್ಲ. ತುಟಿಗಳೆರಡೂ ದುಂಡಗಾಗಿ, ನಾಲಿಗೆಯ ಹಿಂಭಾಗ ಮೇಲೆದ್ದು, ತಟ್ಟನೆ ಮುಂದಿನ ಸ್ವರಕ್ಕೆ ಜಾರಬೇಕು. ನಮ್ಮ ವಕಾರ ಇವೆರಡರ ನಡುವೆ ನಿಂತಿರುವುದರಿಂದ, ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವವರ ಕಿವಿಗೆ ಅದು ಡಬ್ಲ್ಯು ಬೇಕಾದ ಕಡೆ ವಿ ಎಂದೂ, ವಿ ಬೇಕಾದ ಕಡೆ ಡಬ್ಲ್ಯು ಎಂದೂ ಕೇಳಿಸುತ್ತದೆ. ಇದು ದಡ್ಡತನವೂ ಅಲ್ಲ, ನಾಲಿಗೆ ದಪ್ಪವಿರುವುದೂ ಅಲ್ಲ. ಒಂದು ಭಾಷೆ ಎರಡು ಮನೆ ಮಾಡಿಕೊಂಡ ಜಾಗದಲ್ಲಿ ಇನ್ನೊಂದು ಭಾಷೆ ಒಂದೇ ಮನೆ ಕಟ್ಟಿಕೊಂಡಿದೆ, ಅಷ್ಟೇ.

ಹಾಗೆಂದು ದುಂಡುತುಟಿಯ ಧ್ವನಿ ಕನ್ನಡದಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪದದ ಮೊದಲಿಗೆ ಒಕಾರ ಬಂದಾಗ ನಮ್ಮ ಸೀಮೆಯ ಆಡುಮಾತಿನಲ್ಲಿ ಅದರ ಮುಂದೆ ಈ ಧ್ವನಿ ತಾನಾಗಿ ಮೂಡುತ್ತದೆ: ವೊಂದು, ವೊಡವೆ, ವೋಲೆ. ಹಕಾರ ಜಾರಿಹೋದ ಕಡೆಯೂ ಹಾಗೆಯೇ: ವೊಲ, ವೊಸದು, ವೋಗು. ಹಕಾರ ಬಿಡುವುದನ್ನು ಅಶುದ್ಧವೆಂದು ಬಯ್ಯುವವರು ಒಂದು ವಿಷಯ ನೆನೆಯಬೇಕು. ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಹೆಸರು, ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ ಅಲ್ಲಿನ ಶಾಸನದಲ್ಲಿ ಹಕಾರದಿಂದಲ್ಲ, ಪಕಾರದಿಂದ ಆರಂಭವಾಗುತ್ತದೆ. ಪೊಲ ಹೊಲವಾಯಿತು, ಹೊಲ ವೊಲವಾಯಿತು. ಪೋಗು ಹೋಗಾಯಿತು, ಹೋಗು ವೋಗಾಯಿತು. ಮೊದಲನೆಯ ಬದಲಾವಣೆಯನ್ನು ಶಿಷ್ಟವೆಂದು ಒಪ್ಪಿ ಎರಡನೆಯದಕ್ಕೆ ಮಕ್ಕಳನ್ನು ತಲೆತಗ್ಗಿಸಿ ನಿಲ್ಲಿಸುವುದು ನ್ಯಾಯವಲ್ಲ. ಬರಹದಲ್ಲಿ, ವೇದಿಕೆಯಲ್ಲಿ ಶಿಷ್ಟರೂಪ ಇರಲಿ. ನಾನು ಜೀವನವಿಡೀ ಅದನ್ನೇ ಕಲಿಸಿದವಳು.

ಇನ್ನು ಇಂಗ್ಲಿಷಿನ ಕಡೆಗೆ ನೋಡಿದರೆ, ‘ವನ್’ ಎಂಬ ಅವರ ಸಂಖ್ಯಾವಾಚಕದ ಕಥೆಯೂ ಇದಕ್ಕೆ ದೂರವಿಲ್ಲ. ಆ ಪದವನ್ನು ಅವರು ಬರೆಯುವುದು ‘ಓ’ ಅಕ್ಷರದಿಂದ. ಬರಹದಲ್ಲಿ ಡಬ್ಲ್ಯುವಿನ ಸುಳಿವೂ ಇಲ್ಲ. ಅದೇ ಮೂಲದ ‘ಓನ್ಲಿ’, ‘ಅಲೋನ್’ ಪದಗಳಲ್ಲಿ ಇಂದಿಗೂ ಆ ಧ್ವನಿ ಇಲ್ಲ. ಇಂಗ್ಲೆಂಡಿನ ಪಶ್ಚಿಮ ಮತ್ತು ನೈಋತ್ಯ ಭಾಗದ ಆಡುಮಾತಿನಲ್ಲಿ ಪದದ ಮೊದಲಿಗೆ ಸೇರಿಕೊಂಡ ಧ್ವನಿಯೇ ಮುಂದೆ ಎಲ್ಲರ ಮಾತಾಯಿತು. ‘ಒಂದು’ ನಮ್ಮ ಅಜ್ಜಿಯರ ಬಾಯಲ್ಲಿ ‘ವೊಂದು’ ಆದಂತೆ, ಅವರಲ್ಲಿ ‘ಓನ್’ ‘ವನ್’ ಆಗಿದೆ. ಆ ರಾತ್ರಿ ಇದನ್ನು ವಿವರಿಸಿದಾಗ ಹುಡುಗಿಯ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಮರೆಯಲಾರೆ. “ಹಾಗಾದ್ರೆ ಅಜ್ಜಿ ಹೇಳೋದು ಸರಿನಾ ದೊಡ್ಡಮ್ಮ?” ಎಂದಳು. ಅಜ್ಜಿಯ ತುಟಿಯನ್ನು ನೋಡಿ ಕಲಿ ಎಂದೆ.

ಮರುದಿನದಿಂದ ಅಡುಗೆಮನೆಯ ಕಿಟಕಿಯ ಬಳಿ ಕೈಗನ್ನಡಿ ಇಟ್ಟುಕೊಂಡು ನಾವು ಅಭ್ಯಾಸ ಆರಂಭಿಸಿದೆವು. ಯಣ್ ಸಂಧಿಯನ್ನು ಹತ್ತನೆಯ ತರಗತಿ ಮುಟ್ಟಿದ ಪ್ರತಿ ಮಗುವೂ ಓದಿರುತ್ತದೆ: ಸು ಮತ್ತು ಆಗತ ಸೇರಿ ಸ್ವಾಗತ, ಮನು ಮತ್ತು ಅಂತರ ಸೇರಿ ಮನ್ವಂತರ. ಉಕಾರವು ಮುಂದಿನ ಸ್ವರಕ್ಕೆ ಜಾರುವಾಗ ವಕಾರ ಹುಟ್ಟುತ್ತದೆ ಎಂಬ ಈ ಸೂತ್ರ ಡಬ್ಲ್ಯುವಿಗೆ ಹೇಳಿ ಮಾಡಿಸಿದಂತಿದೆ. ಆ ಅಕ್ಷರಕ್ಕೆ ಡಬಲ್ ಯು ಎಂಬ ಹೆಸರು ಬಂದಿರುವುದೂ ಹಿಂದೆ ಅದನ್ನು ಎರಡು ಯು ಜೋಡಿಸಿ ಬರೆಯುತ್ತಿದ್ದುದರಿಂದ. ಹುಡುಗಿಗೆ ಮೊದಲು ‘ಉ’ ಎಂದು ಎಳೆದು, ಬಾಯಿ ಮುಚ್ಚದೆ, ‘ಎಟ್’ ಸೇರಿಸಲು ಹೇಳಿದೆ. ‘ಉ... ಎಟ್’. ಎಳೆಯುವುದನ್ನು ಹತ್ತು ಸಲಕ್ಕೊಮ್ಮೆ ಕಡಿಮೆ ಮಾಡುತ್ತಾ ಬಂದಂತೆ ಅದು ಒದ್ದೆ ಎಂಬ ಅರ್ಥದ ‘ವೆಟ್’ ಆಯಿತು. ಕೆಳತುಟಿಯ ಮೇಲೆ ತೋರುಬೆರಳನ್ನು ಅಡ್ಡಲಾಗಿ ಇಟ್ಟುಕೊಂಡರೆ ಹಲ್ಲು ಕದ್ದು ಬಂದು ತಾಗಿದ ಕೂಡಲೇ ಗೊತ್ತಾಗುತ್ತದೆ. ಮೊದಲ ಎರಡು ದಿನ ಪ್ರತಿ ಮೂರನೆಯ ಸಲಕ್ಕೆ ತಾಗುತ್ತಲೇ ಇತ್ತು.

ಇನ್ನೊಂದು ಪರೀಕ್ಷೆ ನನಗೆ ಬಹಳ ಉಪಯುಕ್ತವೆನಿಸಿತು. ವಿ ಧ್ವನಿಯನ್ನು ಉಸಿರಿರುವಷ್ಟು ಹೊತ್ತು ದುಂಬಿಯಂತೆ ಗುಂಯ್‌ಗುಡಿಸಬಹುದು. ಡಬ್ಲ್ಯುವನ್ನು ಹಾಗೆ ಎಳೆಯಲು ಹೋದರೆ ಅದು ಬರಿಯ ‘ಊ’ ಆಗಿಬಿಡುತ್ತದೆ. ಎಳೆದು ನೋಡಿದರೆ ತಾನು ಯಾವುದನ್ನು ಹೇಳುತ್ತಿದ್ದೇನೆಂದು ಕಲಿಯುವವರಿಗೇ ತಿಳಿಯುತ್ತದೆ, ಮತ್ತೊಬ್ಬರ ಮುಖ ನೋಡಬೇಕಾಗಿಲ್ಲ.

ಬಿಡಿ ಪದಗಳು ಹಿಡಿತಕ್ಕೆ ಬಂದ ಮೇಲೆ ಎಣಿಕೆ ಹಿಡಿದೆವು. ಇಂಗ್ಲಿಷಿನಲ್ಲಿ ಒಂದರಿಂದ ಇಪ್ಪತ್ತರವರೆಗೆ ಎಣಿಸಿದರೆ 1 ಮತ್ತು 20ರಲ್ಲಿ ಡಬ್ಲ್ಯು ಬರುತ್ತದೆ, 5, 7, 11, 17ರಲ್ಲಿ ವಿ ಬರುತ್ತದೆ, 12ರಲ್ಲಿ ಎರಡೂ ಬರುತ್ತವೆ. 2ರಲ್ಲಿ ಡಬ್ಲ್ಯು ಬರೆಯುತ್ತಾರೆ, ನುಡಿಯುವುದಿಲ್ಲ. ‘ಟ್ವೆಲ್ವ್’ ಎಂಬ ಒಂದೇ ಪದದಲ್ಲಿ ತುಟಿ ಮೊದಲು ದುಂಡಗಾಗಿ, ಕೊನೆಗೆ ಹಲ್ಲಿನ ಕೆಳಗೆ ಬಂದು ನಿಲ್ಲಬೇಕು. ಮೆಟ್ಟಿಲು ಹತ್ತುವಾಗ, ಅವರೆಕಾಯಿ ಸುಲಿಯುವಾಗ ಎಣಿಸುತ್ತಲೇ ಇದ್ದಳು. ತೀರಾ ಕಷ್ಟವಾದದ್ದು ‘ವುಡ್’, ‘ವುಲ್’, ‘ವುಮನ್’ ಎಂಬ ಪದಗಳು; ಡಬ್ಲ್ಯುವಿನ ಹಿಂದೆಯೇ ಉಕಾರ ಬರುವುದರಿಂದ ತುಟಿಯನ್ನು ಮೊದಲು ಬಿಗಿಯಾಗಿ ಕೂಡಿಸಿ ಆಮೇಲೆ ಸಡಿಲ ಬಿಡಬೇಕು.

ಮೂರನೆಯ ವಾರದಲ್ಲಿ ಒಂದು ಹೊಸ ತಪ್ಪು ಕಾಣಿಸಿಕೊಂಡಿತು, ಅದನ್ನೂ ಹೇಳಬೇಕು. ಡಬ್ಲ್ಯು ಕೈಗೂಡಿದ ಹುರುಪಿನಲ್ಲಿ ಅವಳು ‘ವೆರಿ’, ‘ವಾಮಿಟ್’ ಎಂಬಲ್ಲಿಯೂ ತುಟಿ ದುಂಡಗೆ ಮಾಡತೊಡಗಿದಳು. ಹಕಾರ ತಿದ್ದಿಸಿಕೊಂಡ ಮಗು ಅಕ್ಕಿಯನ್ನೂ ಹಕ್ಕಿ ಎನ್ನುವುದನ್ನು ತರಗತಿಯಲ್ಲಿ ಎಷ್ಟೋ ಸಲ ಕೇಳಿದ್ದ ನನಗೆ ಇದು ಹೊಸದೆನಿಸಲಿಲ್ಲ. ಬೈದು ತಿದ್ದಿದಷ್ಟೂ ಈ ಅತಿತಿದ್ದುವಿಕೆ ಹೆಚ್ಚುತ್ತದೆ ಎಂಬುದು ನನ್ನ ಅನುಭವ. ಆದ್ದರಿಂದ ಒಂದು ಧ್ವನಿ ಬಂದ ಕೂಡಲೇ ಅದರ ಜೋಡಿಯನ್ನೂ ಸೇರಿಸಿಯೇ ಅಭ್ಯಾಸ ಮಾಡಿಸಬೇಕು. ‘ವೆರಿ ವೆಲ್’ ಎಂಬ ಎರಡು ಪದ ಅದಕ್ಕೆ ಸಾಕು, ಮೊದಲನೆಯದಕ್ಕೆ ಹಲ್ಲು, ಎರಡನೆಯದಕ್ಕೆ ದುಂಡುತುಟಿ.

ಈಗ ನನ್ನ ಕೋರಿಕೆ. ಡಯಟ್ ಎಂದು ಕರೆಯುವ ನಮ್ಮ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರು ಇಂಗ್ಲಿಷ್ ಶಿಕ್ಷಕರ ತರಬೇತಿಯ ಒಂದು ಅವಧಿಗೆ ಕನ್ನಡ ಶಿಕ್ಷಕರನ್ನೂ ಕರೆದು ಕೂರಿಸಲಿ. ಬೆಂಗಳೂರಿನಲ್ಲಿ 1963ರಿಂದ ಇರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಪಡೆದು ಬಂದ ಶಿಕ್ಷಕರಿಗೆ ಇಂಗ್ಲಿಷ್ ಧ್ವನಿಗಳು ಹುಟ್ಟುವ ಬಗೆ ತಿಳಿದಿರುತ್ತದೆ. ಮಗು ತರುವ ಧ್ವನಿ ಎಂಥದು, ಸಂಧಿ ಪಾಠದಲ್ಲಿ ಅದಕ್ಕೆ ಏನು ಆಧಾರವಿದೆ ಎಂಬುದನ್ನು ಪಕ್ಕದ ಕೊಠಡಿಯ ಕನ್ನಡ ಮೇಷ್ಟ್ರು ಹೇಳಬಲ್ಲರು. ಹಾಸನದ ಆಕಾಶವಾಣಿಯೂ ವಾರಕ್ಕೆ ಹತ್ತು ನಿಮಿಷ ಇಂಥ ಅಭ್ಯಾಸಕ್ಕೆ ಕೊಟ್ಟರೆ, ಹಣ ಕಟ್ಟಲಾಗದ ಹಳ್ಳಿಯ ಮಕ್ಕಳಿಗೂ ಕಿವಿಗೆ ಕೇಳಿ ಕಲಿಯುವ ದಾರಿಯಾಗುತ್ತದೆ. ಖಾಸಗಿ ತರಗತಿ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ: ಧ್ವನಿಯನ್ನು ತಿದ್ದಿ, ಮನೆಯ ಮಾತಿನ ಕಡೆ ಬೆರಳು ತೋರಿಸಬೇಡಿ.

ಅಭ್ಯಾಸಕ್ಕೆ ಬಳಸಿದ ಜೋಡಿಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹಾಸನ, ಆಲೂರು, ಬೇಲೂರು ತಾಲ್ಲೂಕುಗಳ ಯಾವ ಸರ್ಕಾರಿ ಶಾಲೆಯವರು ಕರೆದರೂ ಕೈಗನ್ನಡಿ ಸಮೇತ ಬಂದು, ಮಕ್ಕಳ ಜೊತೆ ಒಂದು ಗಂಟೆ ಕುಳಿತು ಹೇಳಿಸಿಕೊಡುತ್ತೇನೆ. ಬಸ್ಸಿನ ಖರ್ಚೂ ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ, ಹಾಸನ