ಮುಳುಗಿದ ಗದ್ದೆಗೂ ಒಂದು ಎಡೆ

ಎಲ್ರಿಗೂ ನಮಸ್ಕಾರ. ಈ ಸಂಚಿಕೆ ನಿಮ್ಮ ಕೈ ಸೇರೋ ಹೊತ್ತಿಗೆ ಊರಲ್ಲಿ ಭೂಮಿ ಹುಣ್ಣಿಮೆ. ಸಾಗರದ ಕಡೆಯ ನಮ್ಮಜ್ಜಿ ಈ ವರ್ಷ ಮಾರ್ಚಲ್ಲಿ ತೀರಿಕೊಂಡ್ಲು, ಅವಳಿಲ್ಲದ ಮೊದಲ ಭೂಮಿ ಹುಣ್ಣಿಮೆ ಇದು, ಅದಕ್ಕೇ ಪರದೇಶದಲ್ಲಿರೋ ನಮ್ಮ ಸಂಘದ ಸುದ್ದಿ ಎಲ್ಲಾ ಒಳಪುಟಕ್ಕೆ ಬಿಟ್ಟು ಈ ಜಾಗ ಅವಳಿಗೆ ಕೊಡ್ತಿದೀನಿ.

ಬೆಂಗಳೂರು, ಮೈಸೂರು ಕಡೆ ಬೆಳೆದವರಿಗೆ ಈ ಹಬ್ಬ ಅಷ್ಟಾಗಿ ಗೊತ್ತಿರಲ್ಲ (ಉತ್ತರ ಕರ್ನಾಟಕದವರು ಸೀಗೆ ಹುಣ್ಣಿಮೆಗೆ ಹೊಲದಲ್ಲಿ ಚರಗ ಅಂತ ಅಡುಗೆ ಚೆಲ್ತಾರಲ್ಲ, ಅದೇ ದಿನ). ಆ ಹೊತ್ತಿಗೆ ಗದ್ದೇಲಿ ಭತ್ತ ಹೊಡೆ ಆಗಿರತ್ತೆ (ತೆನೆ ಇನ್ನೂ ಗಿಡದ ಒಳಗೇ ಇರತ್ತೆ), ಅಂದ್ರೆ ಭೂಮಿತಾಯಿ ಬಸುರಿ, ಬಸುರಿ ಹೆಂಗಸಿಗೆ ಮಾಡೋ ಹಾಗೇ ಅವಳಿಗೂ ಬಯಕೆ ಊಟ ಹಾಕ್ಬೇಕು. ಅಜ್ಜಿ ಎಷ್ಟೋ ದಿನ ಮೊದಲೇ ಬುಟ್ಟಿ ಕೆಳಗಿಳಿಸಿ ಸಗಣಿ ಸಾರಿಸಿ ಕೆಮ್ಮಣ್ಣು ಹಚ್ಚಿ, ಪುಂಡಿನಾರಿನ ಕುಂಚ ಹಿಡಿದು ಅಕ್ಕಿಹಿಟ್ಟಲ್ಲಿ ಚಿತ್ತಾರ ಬರೀತಾ ಕೂರೋಳು. ಭೂಮಣ್ಣಿ ಬುಟ್ಟಿ ಅಂತೀವಿ ಅದಕ್ಕೆ. ಕಣ್ಣು ಮಂಜಾದ ಮೇಲೂ ಅವಳ ಗೆರೆ ಒಂದೂ ಸೊಟ್ಟ ಹೋಗ್ಲಿಲ್ಲ. ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆ ಅನ್ನೋದೇ ಇಲ್ಲ, ಹರಿವೆ, ಕೆಸು, ಹೀರೆ, ಅಮಟೆ, ಬೇಲಿ ಮೇಲೆ ಸಿಕ್ಕ ಕುಡಿ ಎಲ್ಲಾ ಸೇರಿಸಿ ಅಂಬಲಿ, ಒಂದು ಕಡೆ ಕಡುಬು, ಬೆಳಗಿನ ಜಾವ ಗಂಡಸರು ದೊಂದಿ ಹಿಡ್ಕೊಂಡು ಭೂಮಿತಾಯಿನ ಕೂಗಿ ಕರೀತಾ ಗದ್ದೆ ತುಂಬಾ ಅಂಬಲಿ ಬೀರ್ಕೊಂಡು ಬರೋರು. ಬೆಳಕು ಹರಿದ ಮೇಲೆ ಅಜ್ಜಿ ತನ್ನ ತಾಳಿ ಸರ ತೆಗೆದು ಭತ್ತದ ಗಿಡಕ್ಕೆ ಹಾಕಿ ಪೂಜೆ ಮಾಡೋಳು. ಕಾಗೆಗೂ ಎಡೆ, ಇಲಿಗೂ ಎಡೆ. ಇಲಿ ಭತ್ತ ತಿನ್ನತ್ತಲ್ಲಾ ಅಜ್ಜಿ ಅಂದ್ರೆ, "ಅದ್ಕೂ ಹೊಟ್ಟೆ ಐತಲ್ಲ ಮಗಾ" ಅನ್ನೋಳು.

ಇಷ್ಟೆಲ್ಲಾ ಆದ್ಮೇಲೂ ಅವಳು ಇನ್ನೊಂದು ಎಡೆ ತೆಗೆದಿಡ್ತಿದ್ಲು. ಅದು ಮುಳುಗಿದ ಗದ್ದೆಗೆ.

ಅಜ್ಜಿ ಮದುವೆಯಾಗಿ ಬಂದಿದ್ದು ಶರಾವತಿ ದಂಡೆ ಮನೆಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ನಾಡಿಗೆಲ್ಲಾ ಕರೆಂಟ್ ಬಂತು, ಅವರ ಮನೆ ಗದ್ದೆ ಹಿನ್ನೀರೊಳಗೆ ಹೋಯ್ತು. ಗಾಡಿ ಮೇಲೆ ಪಾತ್ರೆ, ಕಂಕುಳಲ್ಲಿ ನಮ್ಮ ದೊಡ್ಡಪ್ಪ, ಹಿಂದೆ ದನ, ಹಾಗೆ ಹೊರಟಿದ್ದು. ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡಿದ್ದು, ಮಕ್ಕಳನ್ನ ಬೆಳೆಸಿದ್ದು, ಅದರ ಕಷ್ಟ ಅವಳು ಹೇಳಿದ್ದು ಕಡಿಮೆ. ಆ ಗದ್ದೆನ ಮಾತ್ರ ಮರೀಲಿಲ್ಲ.

ಅದೇ ಹಿನ್ನೀರಿನ ಆಚೆ ದಡದಲ್ಲಿರೋ ಸಿಗಂದೂರು ಚೌಡಮ್ಮ ಅಂದ್ರೆ ಅವಳಿಗೆ ಪ್ರಾಣ. ನಮ್ಮ ತೋಟದ ಬೇಲೀಲೂ "ಸಿಗಂದೂರು ಚೌಡೇಶ್ವರಿಯ ಕಾವಲಿದೆ" ಬೋರ್ಡ್ ಇದೆ, ಮಲೆನಾಡಲ್ಲಿ ಸುತ್ತಾಡಿದೋರು ನೋಡಿರ್ತೀರ. ಅಮ್ಮನ ದರ್ಶನಕ್ಕೆ ಹೋಗೋವಾಗ ಹೊಳೆಬಾಗಿಲಲ್ಲಿ ಲಾಂಚ್ ಹತ್ತಿದ್ರೆ ಅವಳು ಒಳಗೆ ಕೂರ್ತಾನೇ ಇರ್ಲಿಲ್ಲ, ಕಂಬಿ ಹಿಡ್ಕೊಂಡು ನಿಂತು ನಡು ನೀರು ಬಂದಾಗ ಸೆರಗಲ್ಲಿ ಕಟ್ಕೊಂಡು ಬಂದ ಕಡುಬನ್ನೋ ಅನ್ನವನ್ನೋ ನೀರಿಗೆ ಬಿಡೋಳು. ದೇವಸ್ಥಾನದಲ್ಲಿ ಕೈ ಮುಗಿಯೋವಾಗ ಇರೋ ಮುಖಾನೇ ಅಲ್ಲೂ ಇರ್ತಿತ್ತು. ಅವಳಿಗೆ ಭಕ್ತಿ ಅಂದ್ರೆ ಇದೇ ಅಂತ ನನಗೆ ಅನ್ಸೋದು, ಯಾರನ್ನೂ ಹಸಿದಿರೋಕೆ ಬಿಡಬಾರದು, ದೇವರನ್ನಾಗ್ಲಿ ಮಕ್ಕಳನ್ನಾಗ್ಲಿ ನೀರಡಿ ಇರೋ ಮಣ್ಣನ್ನಾಗ್ಲಿ. ಫೋನ್ ಮಾಡಿದ್ರೆ ಇಲ್ಲಿ ರಾತ್ರಿಯೋ ಹಗಲೋ ಕೇಳ್ತಿರ್ಲಿಲ್ಲ, ಮೊದಲ ಮಾತೇ "ಉಂಡ್ಯನಾ?"

2025ರ ಜುಲೈಲಿ ಆ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆ ಆಯ್ತು. ಆಚೆ ದಡದ ತುಮರಿ ಕಡೆ ಜನ ಕಾಯಿಲೆಯವರನ್ನ ಇಟ್ಕೊಂಡು ಲಾಂಚಿಗೆ ಕಾದ ಕಷ್ಟ ಕಂಡೋರಿಗೆಲ್ಲಾ ಅದು ಎಂಥ ಸಮಾಧಾನ ಅಂತ ಗೊತ್ತು. ಇದ್ದಿದ್ರೆ ಅಜ್ಜಿನೂ ಖುಷಿ ಪಡ್ತಿದ್ಲು, ಆದ್ರೆ ಬಸ್ಸನ್ನ ನಡುವೆ ನಿಲ್ಸಿ ಅಂತ ಖಂಡಿತ ಹಟ ಹಿಡೀತಿದ್ಲು.

ಈ ಸಲ ಸಂಘದ ಅಡುಗೆಮನೇಲಿ ಅಂಬಲಿ ಮಾಡೋಣ ಅಂತಿದೀವಿ. ಚಿಕ್ಕಮ್ಮ ಫೋನಲ್ಲಿ ಹೇಳಿದ ಅಜ್ಜಿಯ ಕ್ರಮ ಒಳಗೆ ಹಾಕಿದೀನಿ, ಹರಿವೆ, ಕೆಸು ಇಂಡಿಯನ್ ಸ್ಟೋರಲ್ಲಿ ಸಿಗತ್ತೆ, ಅಮಟೆ ಬದಲು ಹುಣಸೆಹಣ್ಣು ಆಗತ್ತಂತೆ. ನಿಮ್ಮನೆ ಕ್ರಮ ಬೇರೆ ಇದ್ರೆ ಬರೆದು ಕಳ್ಸಿ, ಮುಂದಿನ ಸಂಚಿಕೇಲಿ ಹಾಕ್ತೀನಿ. ಮಕ್ಕಳನ್ನ ಕರ್ಕೊಂಡು ಬನ್ನಿ, ಸೊಪ್ಪು ಸೋಸೋಕೆ ಕೈ ಜಾಸ್ತಿ ಬೇಕು.