‘ಲೈನ್’ ಎಂಬ ಪದದ ಬಳಕೆಯ ಕುರಿತು ಗುಂಪಿಗೆ ಸೂಚನೆ

ಮಾನ್ಯ ಸದಸ್ಯರೇ,

ಮೊನ್ನೆಯ ಗಾಳಿಮಳೆಯ ರಾತ್ರಿ ನಮ್ಮ ಗುಂಪಿಗೆ ‘ಲೈನ್ ಹೋಗಿದೆ’ ಎಂಬ ಸಂದೇಶ ಬಂದಾಗ ಕೆಲವರು ಅದನ್ನು ಕರೆಂಟಿನ ವಿಷಯವೆಂದೂ, ಕೆಲವರು ಫೋನಿನದೆಂದೂ, ತೋಟದವರು ಗುಡ್ಡದಿಂದ ಇಳಿದು ಬರುವ ನೀರಿನ ಪೈಪಿನದೆಂದೂ ತಿಳಿದರು. ಪದವನ್ನು ನೋಡಿದರೆ ಯಾರ ತಿಳಿವಳಿಕೆಯೂ ತಪ್ಪಲ್ಲ.

ಈ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದ್ದು, ಅಗಸೆ ನಾರಿನ ದಾರವೆಂಬುದು ಅದರ ಹಳೆಯ ಅರ್ಥ. ಇಂಗ್ಲಿಷಿನಲ್ಲಿ ಅದು ಗೆರೆ, ಸಾಲು, ಕವಿತೆಯ ಪಂಕ್ತಿ, ವಂಶ, ರೈಲುಹಳಿ, ಹಿಡಿದ ಉದ್ಯೋಗ ಎಂದೆಲ್ಲ ಹರಡಿತು. ನಮ್ಮಲ್ಲಿ ಶಿವಮೊಗ್ಗದಿಂದ ಸಾಗರ ಪಟ್ಟಣದ ಮೂಲಕ ಹೋಗುವ ರೈಲುಮಾರ್ಗ ತಾಳಗುಪ್ಪ ಲೈನ್. ಕಾಫಿ ತೋಟಗಳಲ್ಲಿಯಾದರೋ ಕೆಲಸಗಾರರ ಸಾಲುಮನೆಗಳೇ ಲೈನ್. ‘ಲೈನಿಗೆ ಹೋಗಿ ಬನ್ನಿ’ ಎಂದರೆ ಅಲ್ಲಿ ಯಾರೂ ವಿದ್ಯುತ್ ಕಂಬದತ್ತ ನೋಡುವುದಿಲ್ಲ. ಪರಭಾಷೆಯ ಪದವೊಂದು ಮಲೆನಾಡಿನ ಬದುಕಿನೊಳಗೆ ಹೀಗೆ ಬೇರುಬಿಟ್ಟಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಆದರೆ ‘ಲೈನ್ ಬಿದ್ದಿದೆ’ ಎಂಬ ಸಂದೇಶದಲ್ಲಿ ಈ ಅಸ್ಪಷ್ಟತೆಗೆ ಅವಕಾಶವಿರಬಾರದು. ತುಂಡಾಗಿ ಬಿದ್ದ ತಂತಿಯಲ್ಲಿ ವಿದ್ಯುತ್ ಇನ್ನೂ ಹರಿಯುತ್ತಿರಬಹುದು, ಒದ್ದೆ ನೆಲದಲ್ಲಿ ಅದು ಸುತ್ತಲೂ ವ್ಯಾಪಿಸಬಹುದು. ಆದುದರಿಂದ ಕರೆಂಟ್ ತಂತಿ, ಫೋನ್ ತಂತಿ, ನೀರಿನ ಪೈಪು ಎಂದು ಬಿಡಿಸಿ ಬರೆದು, ಯಾವ ಕೇರಿ, ಯಾವ ಮನೆಯ ಸಮೀಪ ಎಂಬುದನ್ನೂ ಸೇರಿಸಬೇಕೆಂದು ವಿನಂತಿ. ಬಿದ್ದದ್ದು ಕರೆಂಟ್ ತಂತಿಯಾಗಿದ್ದರೆ ದೂರದಲ್ಲಿಯೇ ನಿಂತು ಮೊದಲು ಲೈನ್‌ಮನ್‌ಗೆ ಕರೆಮಾಡಿ, ಅನಂತರ ಇಲ್ಲಿ ಬರೆಯಿರಿ.