ಅಮ್ಮನ ಕೈ ಕಟ್ಟಿದ ಹುಡುಗಿಗೆ ಯಾರೂ ಏನೂ ಕಲಿಸಿರಲಿಲ್ಲ, ಸಚಿವರೇ

ರಾಜ್ಯದ ಹಿರಿಯ ನಾಗರಿಕರ ಖಾತೆ ನೋಡಿಕೊಳ್ಳುವ ಮಾನ್ಯ ಸಚಿವರಿಗೆ,

ನಮಸ್ಕಾರ. ಈ ವಿಷಯ ಕಂಡಕಂಡ ಕಚೇರಿಗೆಲ್ಲ ಬರೆದು ಸಾಕಾಗಿದೆ. ಒಂದು ಕಡೆಯಿಂದ "ಸಂಬಂಧಪಟ್ಟವರಿಗೆ ರವಾನಿಸಲಾಗಿದೆ" ಅಂತ ಉತ್ತರ ಬಂತು. ಆ ಸಂಬಂಧಪಟ್ಟವರು ಯಾರು ಅಂತ ಅವರಿಗೂ ಗೊತ್ತಿದ್ದ ಹಾಗಿಲ್ಲ. ಅದಕ್ಕೇ ಈಗ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಹೋಮ್ ನರ್ಸ್ ಆಗಲಿ, ಆಯಾ ಆಗಲಿ, ವೃದ್ಧಾಶ್ರಮದ ವಾರ್ಡ್ ಬಾಯ್ ಆಗಲಿ, ತನ್ನನ್ನು ತಾನು ಕಾಪಾಡಿಕೊಳ್ಳಲಾಗದ ಒಬ್ಬರನ್ನು ಸಂಬಳಕ್ಕೆ ನೋಡಿಕೊಳ್ಳುವವರಿಗೆ ಮೊದಲು ತರಬೇತಿ ಕೊಡಿಸಿ. ಯಾವುದು ಹಿಂಸೆ, ಅದರ ಗುರುತು ಏನು, ಕಂಡರೆ ಯಾರಿಗೆ ಹೇಳಬೇಕು ಅನ್ನೋದನ್ನು ಕಲಿಸಿ. ಆಮೇಲೆ ಕೆಲಸಕ್ಕೆ ಕಳಿಸಲಿ.

ನಮ್ಮ ಮನೆ ಮೈಸೂರಿನಲ್ಲಿದೆ. ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗಡೆ ಪೂರ್ತಿ ಬಿದ್ದುಹೋಗಿದೆ. ಮಾತೂ ಹೋಯಿತು. ಊಟ ಮೂಗಿನ ಟ್ಯೂಬಿನಲ್ಲಿ. ನಾನೂ ನನ್ನ ಗಂಡನೂ ಕೆಲಸಕ್ಕೆ ಹೋಗಲೇಬೇಕು, ಹಾಗಾಗಿ ಒಂದು ಏಜೆನ್ಸಿಯಿಂದ ಹುಡುಗಿಯನ್ನು ಗೊತ್ತು ಮಾಡಿಕೊಂಡೆವು. ತಿಂಗಳಿಗೆ 24,000 ರೂಪಾಯಿ, ರಿಜಿಸ್ಟ್ರೇಷನ್ ಅಂತ ಬೇರೆ ದುಡ್ಡು. "ಎಲ್ಲ ಟ್ರೈನ್ಡ್ ಸ್ಟಾಫ್ ಮೇಡಂ" ಅಂದರು. ಆ ಮಾತು ಅವರ ಬೋರ್ಡಿನ ಮೇಲೂ ಇದೆ.

ಒಂದು ಮಧ್ಯಾಹ್ನ ತಲೆನೋವು ಅಂತ ಬೇಗ ಮನೆಗೆ ಬಂದೆ. ಅಮ್ಮನ ಎಡಗೈಯನ್ನು ಹಳೇ ವೇಲಿನಲ್ಲಿ ಮಂಚದ ಕಂಬಿಗೆ ಕಟ್ಟಿತ್ತು. ಆಡುವುದೇ ಅದೊಂದು ಕೈ ಸಾರ್, ಅದನ್ನೇ ಕಟ್ಟಿದ್ದಳು. ಮಣಿಕಟ್ಟು ಕೆಂಪಾಗಿ ಚರ್ಮ ಸುಲಿದಿತ್ತು, ಅದರ ಕೆಳಗೆ ಹಳೆಯ ಕಂದು ಗುರುತು. ಅಂದರೆ ಅದು ಮೊದಲ ಸಲ ಅಲ್ಲ. ಹಾಸಿಗೆ ಒದ್ದೆಯಾಗಿತ್ತು. ಹುಡುಗಿ ಪಕ್ಕದ ರೂಮಿನಲ್ಲಿ ಫೋನ್ ನೋಡುತ್ತಿದ್ದಳು. ಅಮ್ಮ ಕೂಗಲಿಲ್ಲ ಯಾಕೆ ಅಂತ ಕೇಳಬೇಡಿ, ಮಾತಿಲ್ಲ ಅಂದೆನಲ್ಲ.

ನಾನು ಬೈದೆ, ಜೋರಾಗಿಯೇ ಬೈದೆ. ಅವಳು ಅಳುತ್ತಾ ಹೇಳಿದ್ದು ಕೇಳಿ: "ಟ್ಯೂಬ್ ಕಿತ್ಕೋತಾರೆ ಅಕ್ಕ, ಆಸ್ಪತ್ರೇಲೂ ಹಿಂಗೇ ಕಟ್ತಾರಲ್ಲ." ಅವಳು ಹಿಂದಿನ ತಿಂಗಳವರೆಗೆ ಗಾರ್ಮೆಂಟ್ಸ್‌ನಲ್ಲಿದ್ದಳು. ಟ್ರೈನಿಂಗ್ ಅಂದರೆ ಏಜೆನ್ಸಿಯವರು ವಾಟ್ಸಾಪ್‌ಗೆ ಕಳಿಸಿದ ಡೈಪರ್ ಬದಲಿಸುವ ವಿಡಿಯೋ, ಅಷ್ಟೇ. ನಮ್ಮಿಂದ ತೆಗೆದುಕೊಂಡ ದುಡ್ಡಿನಲ್ಲಿ ಅವಳ ಕೈಗೆ ಸಿಗುತ್ತಿದ್ದದ್ದು ಅರ್ಧಕ್ಕೆ ಸ್ವಲ್ಪ ಜಾಸ್ತಿ. ಹಗಲೂ ರಾತ್ರಿ ಒಬ್ಬಳೇ, ನಿದ್ದೆ ಇಲ್ಲ, ವಾರದ ರಜೆ ಇಲ್ಲ. ಸಿಟ್ಟು ಇಳಿದ ಮೇಲೆ ಅವಳ ಮೇಲೆ ಕೋಪ ಉಳಿಯಲಿಲ್ಲ. ಉಳಿದದ್ದು ಅವಳನ್ನು ಕಳಿಸಿದವರ ಮೇಲೆ, ಮತ್ತು ಹಾಗೆ ಕಳಿಸೋಕೆ ಬಿಟ್ಟವರ ಮೇಲೆ.

ಇನ್ನೊಂದು ವಿಷಯ ಗೊತ್ತಾ? ರಕ್ತ ತೆಗೆಯಲು ಬರುತ್ತಿದ್ದ ಲ್ಯಾಬ್ ಹುಡುಗ ಆ ಗುರುತನ್ನು ಮೊದಲೇ ನೋಡಿದ್ದನಂತೆ. ಫಿಸಿಯೋಥೆರಪಿಯವರೂ ನೋಡಿದ್ದರು. "ಮನೆ ವಿಷಯ, ನಾವ್ಯಾಕೆ ಮಧ್ಯೆ ಬರೋದು ಅಂತ ಸುಮ್ನಾದೆ" ಅಂದರು. ಓದಿದವರು, ಒಳ್ಳೆಯವರು. ಕಂಡರೆ ಹೇಳಬೇಕು ಅಂತ ಅವರಿಗೂ ಯಾರೂ ಕಲಿಸಿಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಿದ್ದೂ ಹೇಳದಿದ್ದರೆ 2012ರ ಪೋಕ್ಸೋ ಕಾಯ್ದೆಯಲ್ಲಿ ಶಿಕ್ಷೆ ಇದೆ. ಮಾತು ಹೋದ ಮುದುಕಿಯ ವಿಷಯದಲ್ಲಿ ಸುಮ್ಮನಿದ್ದರೆ ಯಾರೂ ಏನೂ ಕೇಳಲ್ಲ.

ಏಜೆನ್ಸಿಗೆ ಫೋನ್ ಮಾಡಿದರೆ "ಬೇರೆ ಹುಡುಗೀನ ಕಳಿಸ್ತೀವಿ ಮೇಡಂ" ಅಂದರು, ಹಾಲು ಒಡೆದಿದೆ ಅಂದರೆ ಬೇರೆ ಪ್ಯಾಕೆಟ್ ಕೊಡುವ ಹಾಗೆ. ಆ ಹುಡುಗಿಯನ್ನು ಇನ್ನೊಂದು ಮನೆಗೆ ಹಾಕಿದ್ದಾರಂತೆ. ಅಲ್ಲೂ ಒಬ್ಬರು ಹಾಸಿಗೆ ಹಿಡಿದವರು ಇರುತ್ತಾರೆ, ಅಲ್ವಾ?

ಕಾನೂನು ಇಲ್ಲ ಅಂತ ನಾನು ಹೇಳುತ್ತಿಲ್ಲ. ನಿಮಗೆ ಎಲ್ಲ ಗೊತ್ತೇ ಇರುತ್ತದೆ. ನೋಡಿಕೊಳ್ಳುವ ಒಪ್ಪಂದಕ್ಕೆ ಕಟ್ಟುಬಿದ್ದವರು ಅಸಹಾಯಕರನ್ನು ಬೇಕಂತಲೇ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 357ರಲ್ಲಿ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಳೇ ಐಪಿಸಿಯಲ್ಲಿ ದಂಡ 200 ರೂಪಾಯಿ ಇತ್ತು, ದೊಡ್ಡ ಪ್ರಗತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಕಲಂ 7 ಹಿಂಸೆ, ಶೋಷಣೆಯಿಂದ ರಕ್ಷಣೆ ಕೊಡಬೇಕು ಅನ್ನುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯ ಕಲಂ 21ರಲ್ಲಿ ತರಬೇತಿಯ ಮಾತೂ ಇದೆ. ಆದರೆ ಯಾರಿಗೆ? ಸರ್ಕಾರಿ ಅಧಿಕಾರಿಗಳಿಗೆ, ಪೊಲೀಸರಿಗೆ, ನ್ಯಾಯಾಂಗದವರಿಗೆ. ದಿನವಿಡೀ ಮಂಚದ ಪಕ್ಕ ಕೂರುವವಳ ಹೆಸರೇ ಇಲ್ಲ.

ನಮ್ಮ ಎದುರಿನ ಅಪಾರ್ಟ್‌ಮೆಂಟಿನ ಗೇಟಿಗೆ ಸೆಕ್ಯುರಿಟಿ ಏಜೆನ್ಸಿಯಿಂದ ಗಾರ್ಡ್ ಬರುತ್ತಾರೆ. 2005ರ ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳ ಕಾಯ್ದೆ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಬೇಕು, ಗಾರ್ಡ್‌ನ ಹಿನ್ನೆಲೆ ತಪಾಸಣೆ ಆಗಬೇಕು, ತರಬೇತಿ ಆಗಬೇಕು. ಕೇಂದ್ರದ ಮಾದರಿ ನಿಯಮದಲ್ಲಿ 100 ಗಂಟೆ ಪಾಠ, 60 ಗಂಟೆ ಫೀಲ್ಡ್ ಅಂತ ಬರೆದೇ ಇದೆ. ಜಾರಿ ಹೇಗಿದೆ ಅನ್ನೋದು ಬೇರೆ ಮಾತು, ಬರೆದಾದರೂ ಇದೆ. ಗೇಟು ಕಾಯಲು 160 ಗಂಟೆ, ಅಮ್ಮನನ್ನು ಕಾಯಲು ಒಂದು ವಾಟ್ಸಾಪ್ ವಿಡಿಯೋ!

ನಮ್ಮ ಅಕ್ಕನ ಮಗಳು ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿ 2015ರಿಂದ ಕೇರ್ ಸರ್ಟಿಫಿಕೇಟ್ ಅಂತ ಇದೆ. ಅದರಲ್ಲಿ ದೊಡ್ಡವರನ್ನು ಹಿಂಸೆಯಿಂದ ಕಾಪಾಡುವುದಕ್ಕೇ ಒಂದು ಬೇರೆ ಪಾಠ. ಕೆಲಸಕ್ಕೆ ಸೇರಿದಾಗ ಅವಳಿಗೆ ಮೊದಲು ಹೇಳಿಕೊಟ್ಟಿದ್ದೇ "ನಿನಗೆ ಅನುಮಾನ ಬಂದರೆ ಸಾಕು, ಹೇಳು, ಸಾಕ್ಷಿ ಹುಡುಕೋದು ನಿನ್ನ ಕೆಲಸ ಅಲ್ಲ" ಅಂತ. ಅಲ್ಲೂ ಎಲ್ಲ ಸರಿ ಇಲ್ಲ, ಅವಳೇ ಬೈತಾಳೆ. ಆದರೂ ನಮ್ಮ ಹುಡುಗಿಯರು ಅಲ್ಲಿಗೆ ಹೋಗಿ ಕಲಿಯುವುದನ್ನು ಇಲ್ಲೇ ಯಾಕೆ ಕಲಿಸಬಾರದು?

ಹೆಲ್ಪ್‌ಲೈನ್ ಇದೆ ಅನ್ನಬೇಡಿ. 14567 ನಂಬರ್ ನನಗೂ ಬಾಯಿಪಾಠ. ಅಮ್ಮ ಅದನ್ನು ಯಾವ ಕೈಯಲ್ಲಿ ಒತ್ತಬೇಕು? ಕೇಂದ್ರದ ಕಡೆಗೂ ಬೆರಳು ತೋರಿಸಬೇಡಿ. ಮನೆಗೆ ಬಂದು ಆರೈಕೆ ಮಾಡುವ ಸಂಸ್ಥೆಗಳು ನೋಂದಣಿ ಆಗಬೇಕು ಅನ್ನುವ ಮಸೂದೆ 2019ರಲ್ಲಿ ಲೋಕಸಭೆಗೆ ಬಂದು, ಪಾಸಾಗದೆ ಬಿದ್ದುಹೋಯಿತು ಅಂತ ಗೊತ್ತು. ಆದರೆ 2007ರ ಕಾಯ್ದೆಯ ಕಲಂ 22 ಹಿರಿಯರ ಜೀವ, ಆಸ್ತಿಯ ರಕ್ಷಣೆಗೆ ಯೋಜನೆ ಮಾಡಿ ಅಂತ ರಾಜ್ಯ ಸರ್ಕಾರಕ್ಕೇ ಹೇಳಿದೆ. ಕಲಂ 32ರಲ್ಲಿ ನಿಯಮ ಮಾಡುವ ಅಧಿಕಾರವೂ ನಿಮಗೇ ಇದೆ. ಪೆನ್ನು ನಿಮ್ಮ ಜೇಬಿನಲ್ಲೇ ಇದೆ ಸಾರ್.

ಹಾಗಾಗಿ ಮತ್ತೆ ಅದನ್ನೇ ಕೇಳುತ್ತೇನೆ. ತರಬೇತಿ ಕಡ್ಡಾಯ ಮಾಡಿ. ಏಜೆನ್ಸಿಗಳು ನೋಂದಣಿ ಆಗಲಿ, ದೂರು ಬಂದವರನ್ನು ಸದ್ದಿಲ್ಲದೆ ಇನ್ನೊಂದು ಮನೆಗೆ ಸಾಗಿಸುವುದು ನಿಲ್ಲಲಿ. ಕನ್ನಡದಲ್ಲಿ ಕಲಿಸಿ, ಹುಡುಗಿಯರಿಗೆ ಅರ್ಥ ಆಗುವ ಹಾಗೆ ಕಲಿಸಿ, ಅದರ ಖರ್ಚನ್ನು ಅವರ ಸಂಬಳದಲ್ಲಿ ಹಿಡಿಯಬೇಡಿ.

ಯಾವ ತಾರೀಖಿನೊಳಗೆ ಮಾಡುತ್ತೀರಿ ಅಂತ ಬರೆದು ಉತ್ತರ ಕೊಡಿ. "ರವಾನಿಸಲಾಗಿದೆ" ಅನ್ನುವ ಉತ್ತರವಾದರೆ ದಯವಿಟ್ಟು ಕಳಿಸಲೇಬೇಡಿ, ಅದು ನನ್ನ ಹತ್ತಿರ ಈಗಾಗಲೇ ಇದೆ.

ಇಂತಿ,
ಮೈಸೂರಿನ ಒಬ್ಬ ಮಗಳು